ವಾಂಡಾ ಹೊಗಳಿದ ಜಡ್ಜು

ಪೋರ್ಟ್ ಹೆಂಡ್ರಿಕ್‌ನಲ್ಲಿ ಒಬ್ಬ ಮನುಷ್ಯ ದೊಡ್ಡ ಕೋರ್ಟಿನ ಜಡ್ಜ್ ಆಗಬೇಕಾದರೆ ಕಾನೂನು ಓದಿರಬೇಕು, ಗಸ್ ಕರಾಸ್‌ನ ಕೃಪೆಗೆ ಪಾತ್ರನಾಗಿರಬೇಕು, ಆಮೇಲೆ ವಾಂಡಾ ಗ್ಯಾವ್ರಾನ್‌ಳ ಬಾಯಲ್ಲಿ ಹೊಗಳಿಸಿಕೊಳ್ಳಬೇಕು. ಮೊದಲನೆಯದರಲ್ಲಿ ಕೊಂಚ ಹಿಂದೆಮುಂದೆ ಆದರೂ ನಡೆಯುತ್ತಿತ್ತು.

ಗಸ್ ಪಕ್ಷದ ಜಿಲ್ಲಾ ಅಧ್ಯಕ್ಷ. ಸರೋವರದ ದಂಡೆಯಲ್ಲಿ ಅವನ ಅಪ್ಪ ಹಾಕಿದ್ದ ಹಾಟ್‌ಡಾಗ್ ಅಂಗಡಿಯನ್ನು ನಡೆಸಿಕೊಂಡು, ಅದೇ ಅಂಗಡಿಯ ಮೂಲೆಯ ಮೇಜಿನಲ್ಲಿ ಕೂತು ಜಡ್ಜುಗಳನ್ನೂ ತಯಾರಿಸುತ್ತಿದ್ದ. ದೊಡ್ಡ ಕೋರ್ಟಿನ ಜಡ್ಜುಗಳನ್ನು ಆ ಊರಲ್ಲಿ ಜನ ಮತ ಹಾಕಿ ಆರಿಸುತ್ತಿದ್ದರು. ನವೆಂಬರಿನ ಚುನಾವಣೆಗೆ ಮುಂಚೆ, ಆಗಸ್ಟ್‌ನ ಒಂದು ಸಂಜೆ, ಪೋಲಿಷ್ ಸಂಘದ ಹಾಲ್‌ನಲ್ಲಿ ಪಕ್ಷದ ಪ್ರತಿನಿಧಿಗಳ ಸಭೆ ಸೇರುತ್ತಿತ್ತು. ದೊಡ್ಡ ಕೋರ್ಟಿಗೆ ಉಮೇದುವಾರರನ್ನು ಆರಿಸುವುದು ಆ ಸಭೆಯ ಕೆಲಸ. ಆರಿಸುವುದೆಂದರೆ ಗಸ್ ಆರಿಸಿ ತಂದದ್ದಕ್ಕೆ ಕೈ ಎತ್ತುವುದು. ಊರಿನ ಆಚೆ ಕೊನೆಯ ಇನ್ನೊಂದು ಹಾಲ್‌ನಲ್ಲಿ ಎದುರು ಪಕ್ಷದವರೂ ಅದೇ ವಾರ ಸೇರಿ, ಅದೇ ಹೆಸರುಗಳಿಗೆ ಕೈ ಎತ್ತುತ್ತಿದ್ದರು. ಎರಡು ಕುರ್ಚಿ ಖಾಲಿಯಿದ್ದರೆ ಒಂದು ನಿಮ್ಮವನಿಗೆ, ಒಂದು ನಮ್ಮವನಿಗೆ, ಎರಡು ಹೆಸರೂ ಎರಡು ಪಕ್ಷದ ಪಟ್ಟಿಯಲ್ಲೂ. ಇದನ್ನು ಇಬ್ಬರು ಅಧ್ಯಕ್ಷರು ಗಾಲ್ಫ್ ಆಡುತ್ತಾ ಮೊದಲೇ ಮಾತಾಡಿ ಮುಗಿಸಿರುತ್ತಿದ್ದರು. ಮತದಾರನಿಗೆ ತಲೆನೋವು ಕೊಡಬಾರದೆಂಬ ಕಾಳಜಿಯಲ್ಲಿ ಇಬ್ಬರಿಗೂ ಭೇದವಿರಲಿಲ್ಲ.

ಸಭೆಗೆ ಒಂದು ಪದ್ಧತಿಯಿತ್ತು. ಹೆಸರು ಸೂಚಿಸುವವನು ವಕೀಲನಾಗಿರಬೇಕು. ಅನುಮೋದಿಸುವವರು ಕೋರ್ಟು ಕಚೇರಿಯ ಗಾಳಿ ಸೋಕದ ಸಾಮಾನ್ಯ ಮನುಷ್ಯರಾಗಿರಬೇಕು. ಜನರೇ ಎದ್ದು ನಿಂತು ಬೇಡಿಕೊಂಡಂತೆ ಕಾಣಬೇಕಲ್ಲ, ಅದಕ್ಕೆ. ಆ ಜನ ಅಂದರೆ ವಾಂಡಾ.

ವಾಂಡಾ ಟ್ಯಾಕ್ಸಿ ಕಂಪನಿಯಲ್ಲಿ ಫೋನ್ ಎತ್ತುತ್ತಿದ್ದವಳು. ಗಂಡ ಟೆಡ್ ಜಿಲ್ಲೆಯ ಹಿಮ ಬಾಚುವ ಲಾರಿ ಓಡಿಸುತ್ತಿದ್ದ. ಆ ಕೆಲಸ ಪಕ್ಷ ಕೊಡಿಸಿದ್ದು. ಆ ಋಣಕ್ಕೆ ಮನೆಯಿಂದ ಒಬ್ಬರು ಸಭೆಗೆ ಹೋಗಿ ಕೈ ಎತ್ತಬೇಕಿತ್ತು. ಟೆಡ್‌ಗೆ ಸಭೆ ಅಂದರೆ ನಿದ್ದೆ, ಹಾಗಾಗಿ ವಾಂಡಾ ಹೋದಳು. ಮೊದಲ ಸಲವೇ, ಅನುಮೋದಿಸಬೇಕಿದ್ದ ಮುದುಕ ಕುಡಿದು ಕೋಟು ತೂಗುಹಾಕುವ ಕೋಣೆಯಲ್ಲಿ ಒರಗಿಬಿಟ್ಟಿದ್ದ. ಗಸ್ ಸುತ್ತಲೂ ನೋಡಿ, ಕೆಂಪು ಟೋಪಿಯ ಹೆಂಗಸಿಗೆ "ನೀನೇ ಎರಡು ಮಾತಾಡಮ್ಮ" ಅಂದ. ವಾಂಡಾ ತಾನು ಕಂಡೇ ಇರದ ಒಬ್ಬ ವಕೀಲನನ್ನು ಎದ್ದು ನಿಂತು ಹೊಗಳಿದಳು. ಹೊಗಳಿಸಿಕೊಂಡವನ ತಾಯಿಗೇ ಇವನು ನನ್ನ ಮಗನೇ ಹೌದೋ ಅನ್ನುವ ಅನುಮಾನ ಬಂತಂತೆ.

ಅಂದಿನಿಂದ ಆ ಕೆಲಸ ಅವಳಿಗೇ ಅಂಟಿತು. ಇಗರ್ಜಿಯಲ್ಲಿ ಯಾರಾದರೂ ಸತ್ತರೂ ನಾಲ್ಕು ಮಾತಿಗೆ ಅವಳನ್ನೇ ಕರೆಯುತ್ತಿದ್ದರು. ಸತ್ತವರನ್ನು ಹೊಗಳುವುದಕ್ಕೂ ಜಡ್ಜುಗಳನ್ನು ಹೊಗಳುವುದಕ್ಕೂ ಅವಳಿಗೆ ದೊಡ್ಡ ವ್ಯತ್ಯಾಸ ಕಾಣುತ್ತಿರಲಿಲ್ಲ; ಎರಡೂ ಕಡೆ ಎದುರು ಮಾತಾಡುವವರಿರುವುದಿಲ್ಲ. ಆದರೆ ಒಂದು ಕಟ್ಟುನಿಟ್ಟು: ಸುಳ್ಳು ಹೇಳುವಂತಿಲ್ಲ. ಹೇಳಿದರೆ ಶನಿವಾರ ಪಾದ್ರಿಯ ಮುಂದೆ ಒಪ್ಪಿಕೊಳ್ಳಬೇಕು, ಪಾದ್ರಿಗೆ ಕಿವಿ ಮಂದ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುತ್ತದೆ. ಹಾಗಾಗಿ ಎಂಥ ಮನುಷ್ಯನಾದರೂ ಅವನಲ್ಲಿ ನಿಜವಾದದ್ದೇನಾದರೂ ಹುಡುಕಿ ತೆಗೆಯುತ್ತಿದ್ದಳು. ಒಬ್ಬ ಮಹಾ ಕುಡುಕನ ಬಗ್ಗೆ ಅವಳು ಹೇಳಿದ್ದು: "ಇವ್ರು ಯಾವತ್ತೂ ತಾವೊಬ್ರೇ ಸಂತೋಷಪಟ್ಟೋರಲ್ಲ." ಅವನು ಇಂದಿಗೂ ದೊಡ್ಡ ಕೋರ್ಟಿನಲ್ಲಿ ಕೂತಿದ್ದಾನೆ. ಕೂತಿರುವುದು ಅವನಿಗೆ ಗೊತ್ತಿದೆಯೋ ಇಲ್ಲವೋ.

ಇಷ್ಟು ವರ್ಷ ಹೊಗಳಿದರೂ ಯಾರನ್ನು ಜಡ್ಜ್ ಮಾಡಬೇಕು ಅನ್ನುವ ವಿಷಯದಲ್ಲಿ ವಾಂಡಾ ಬಾಯಿ ಹಾಕಿದವಳಲ್ಲ. ಬಾಯಿ ಹಾಕಿದ್ದು ಒಂದೇ ಸಲ, ಡಾಟಿಗೋಸ್ಕರ.

ಡಾಟಿ ಮಲೋನ್ ಅದೇ ಕಂಪನಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವಳು. ವಾಂಡಾ ಹೋಗು ಅಂದ ಕಡೆಗೆಲ್ಲ ಹೋಗಿ, ದಾರಿಯುದ್ದಕ್ಕೂ ರೇಡಿಯೋದಲ್ಲಿ ಅವಳನ್ನು ಬೈದವಳು. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳಿದರೆ "ಹಿಂದಿನ ಸೀಟಲ್ಲಿ ಗಂಡಸರನ್ನ ಕೂರಿಸ್ಕೊಂಡು ಸಾಕಾಯ್ತು" ಅನ್ನುತ್ತಿದ್ದಳು. ಟೆಡ್ ತೀರಿಕೊಂಡಾಗ ಒಂದು ತಿಂಗಳು ದಿನವೂ ಬಂದು ವಾಂಡಾಳ ಅಡುಗೆಮನೆಯಲ್ಲಿ ಕೂತು, ಸಮಾಧಾನದ ಒಂದು ಮಾತೂ ಆಡದೆ ಇಸ್ಪೀಟಿನಲ್ಲಿ ಮೋಸ ಮಾಡಿದ್ದಳು. ವಾಂಡಾ ಬದುಕಿಕೊಂಡದ್ದು ಅದರಿಂದಲೇ.

ಡಾಟಿ ಇದ್ದದ್ದು ಪಕ್ಕದ ಮನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಅರ್ಧ ಆಯುಷ್ಯ ಅಲ್ಲೇ ಕಳೆದಿತ್ತು. ಹಳೆಯ ಮಾಲೀಕ ಸತ್ತ, ಮಕ್ಕಳು ಮಾರಿದರು, ಕೊಂಡವನಿಗೆ ಬೇಸಿಗೆಯಲ್ಲಿ ಸರೋವರ ನೋಡಲು ಬರುವ ಪ್ರವಾಸಿಗರಿಗೆ ಮನೆಯನ್ನು ದಿನಬಾಡಿಗೆಗೆ ಕೊಡುವ ಆಸೆ. ಡಾಟಿಯನ್ನು ಎಬ್ಬಿಸಲು ಕೇಸು ಹಾಕಿದ. ಕೇಸು ಊರಿನ ಸಣ್ಣ ಕೋರ್ಟಿನ ಜಡ್ಜ್ ಲೆಸ್ಟರ್ ಹಾಲೊರನ್ ಮುಂದೆ ಬಂತು.

ಹಾಲೊರನ್ ಮನೆ ಖಾಲಿ ಮಾಡಿಸುವ ಕೇಸುಗಳನ್ನು ಮೊಟ್ಟೆ ಬೇಯುವಷ್ಟರಲ್ಲಿ ಮುಗಿಸುತ್ತಿದ್ದ. ಕಾಗದದ ಕಟ್ಟು ಬಿಚ್ಚುತ್ತಿರಲಿಲ್ಲ. ಲಂಚ ತಿನ್ನುತ್ತಾನೆ ಅನ್ನುವಂತಿಲ್ಲ, ಪಕ್ಷಪಾತಿ ಅನ್ನುವಂತಿಲ್ಲ, ಸುಮ್ಮನೆ ಬೇಗ ಮನೆಗೆ ಹೋಗಬೇಕು ಅವನಿಗೆ; ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು. ಡಾಟಿಯ ಪುಣ್ಯಕ್ಕೆ ಮಾಲೀಕನ ವಕೀಲ ಬೆನ್ನಿನ ಆಪರೇಷನ್‌ಗೆ ಹೋದ, ವಾಯಿದೆ ಜನವರಿಗೆ ಬಿತ್ತು. ಉಚಿತ ಕಾನೂನು ನೆರವಿನ ವಕೀಲೆ, ಚಿಕ್ಕ ಹುಡುಗಿ, ಕೋರ್ಟಿನ ಮೆಟ್ಟಿಲ ಮೇಲೆ ಡಾಟಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅವ್ನು ಕೊಟ್ಟಿರೋ ನೋಟಿಸೇ ಸರಿ ಇಲ್ಲ ಆಂಟಿ. ಓದಿದ್ರೆ ಕೇಸು ಬಿದ್ದುಹೋಗುತ್ತೆ. ಆದ್ರೆ ಓದ್ಬೇಕಲ್ಲ. ಈ ಜಡ್ಜ್ ಓದಲ್ಲ. ಬೇರೆ ಯಾರೇ ಆಗಿದ್ರೂ ಓದ್ತಿದ್ರು."

"ಇವ್ನು ಸಾಯೋ ಹಾಗೆ ಕಾಣ್ತಾನಾ?" ಅಂತ ಡಾಟಿ ಕೇಳಿದಳು.

"ಗಟ್ಟಿಯಾಗಿದಾರೆ."

ಆ ಸಂಜೆ ಈ ಮಾತು ಕೇಳಿದ ವಾಂಡಾಳ ತಲೆಗೆ ಹೊಳೆಯಿತು. ಸಾಯುವುದು ಬೇಡ, ಬಡ್ತಿ ಸಿಕ್ಕರೂ ಸಾಕು. ಈ ಊರಿನಲ್ಲಿ ಕೆಟ್ಟ ಜಡ್ಜನ್ನು ಕುರ್ಚಿಯಿಂದ ಇಳಿಸಿದ್ದು ಯಾರೂ ಕಂಡಿಲ್ಲ; ಹತ್ತಿಸಿದ್ದನ್ನು ಎಲ್ಲರೂ ಕಂಡಿದ್ದಾರೆ. ನವೆಂಬರಿನಲ್ಲಿ ಹಾಲೊರನ್ ದೊಡ್ಡ ಕೋರ್ಟಿಗೆ ಗೆದ್ದರೆ, ಜನವರಿಯಲ್ಲಿ ಡಾಟಿಯ ಕೇಸಿನ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ.

ಶುಕ್ರವಾರ ಸಂಘದ ಹಾಲ್‌ನಲ್ಲಿ ಮೀನೂಟ. ಗಸ್ ತಟ್ಟೆ ತುಂಬ ಕರಿದ ಮೀನು ಹಾಕಿಕೊಂಡು ಕೂತಿದ್ದ. ವಾಂಡಾ ಎದುರಿಗೆ ಕೂತು ಹೆಸರು ಹೇಳಿದಳು. ಗಸ್‌ನ ಕೈ ಅರ್ಧದಲ್ಲೇ ನಿಂತಿತು.

"ಯಾವ ಹಾಲೊರನ್? ನಮ್ಮೂರ ಕೋರ್ಟಲ್ಲಿ ಕೂತಿರೋ ಆ ಒಣಮೀನಾ?"

"ಅವ್ರೇ."

"ಅವ್ನು ವರ್ಷಾ ವರ್ಷಾ ಬಂದು ಕೇಳ್ತಾನಮ್ಮ. ನಾನು ನೋಡೋಣ ಅಂತೀನಿ. ಅವ್ನ ಪರವಾಗಿ ಎದ್ದು ನಿಂತು ಮಾತಾಡೋರು ಯಾರು? ಹೆಂಡ್ತಿನೇ ಎದ್ದು ಹೋದ್ಲು."

"ನಾನು ಮಾತಾಡ್ತೀನಿ."

"ಯಾಕೆ? ಏನು ಮಾಡಿದಾನೆ ನಿಂಗೆ?"

"ಏನೂ ಮಾಡಿಲ್ಲ. ಮಾಡೋಕ್ ಮುಂಚೆ ಹೋಗ್ಲಿ ಅಂತ."

ಗಸ್ ನಕ್ಕ. ಆಮೇಲೆ ನಗು ನಿಲ್ಲಿಸಿ ಯೋಚಿಸಿದ. ಹಾಲೊರನ್ ಮೇಲೆ ಹೋದರೆ ಕೆಳಗಿನ ಕುರ್ಚಿ ಖಾಲಿ. ಅದಕ್ಕೆ ಹೆಸರಿಸುವವನು ಮೇಯರ್. ಮೇಯರ್ ಗಸ್‌ನ ಮಾತು ತೆಗೆದುಹಾಕುವವನಲ್ಲ. ಗಸ್‌ನ ತಂಗಿಯ ಅಳಿಯ ವಕೀಲಿ ಬೋರ್ಡು ಹಾಕಿಕೊಂಡು ಕಕ್ಷಿದಾರರಿಲ್ಲದೆ ಕೂತಿದ್ದ, ತಂಗಿ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಗಸ್‌ನ ಮುಖ ಅರಳಿತು.

"ವಾಂಡಾ, ನೀನು ಪಕ್ಷದ ಆಸ್ತಿ ಕಣಮ್ಮ."

"ಕೆಳಗಡೆ ಯಾರನ್ನ ಕೂರಿಸ್ತೀಯ?"

"ನಮ್ಮ ತಂಗಿ ಅಳಿಯ."

"ಅವ್ನು ಓದ್ತಾನಾ?"

"ಕೆಲ್ಸ ಇಲ್ದೆ ಬಿದ್ದಿದಾನೆ. ಓದೋದು ಬಿಟ್ಟು ಇನ್ನೇನೂ ಮಾಡಲ್ಲ."

ಸುದ್ದಿ ಕೇಳಿ ಡಾಟಿ ಕೈಲಿದ್ದ ಇಸ್ಪೀಟು ಕೆಳಗಿಟ್ಟಳು. "ಲೇ, ಆ ಪಿಶಾಚೀನ ನೀನು ಹೊಗಳ್ತೀಯ?"

"ಹೊಗಳಿ ಅಟ್ಟಕ್ಕೇರಿಸ್ತೀನಿ. ಏರಿದ್ಮೇಲೆ ಏಣಿ ತೆಗೆದುಬಿಡ್ತೀನಿ."

"ನಿಂಗೆ ನರಕ ಗ್ಯಾರಂಟಿ."

"ಅಲ್ಲೂ ನೀನೇ ತಾನೇ ಪಕ್ಕದ್ಮನೆ."

ಸಭೆಯ ದಿನ ಹಾಲ್‌ನಲ್ಲಿ ಸೆಕೆ, ಫ್ಯಾನುಗಳು ತಿರುಗುತ್ತಿದ್ದವು. ಪ್ರತಿನಿಧಿಗಳೆಲ್ಲ ಹಿಂದಿನ ಮೇಜಿನ ಸ್ಯಾಂಡ್‌ವಿಚ್ ಕಡೆಗೇ ಕಣ್ಣಿಟ್ಟಿದ್ದರು. ಒಬ್ಬ ವಕೀಲ ಹಾಲೊರನ್ ಹೆಸರನ್ನು ಜ್ವರದ ಔಷಧಿ ನುಂಗುವ ಮುಖ ಮಾಡಿ ಸೂಚಿಸಿ ಕೂತ. ವಾಂಡಾ ಎದ್ದಳು.

"ಹಾಲೊರನ್ ಸಾಹೇಬ್ರ ಬಗ್ಗೆ ನಾನು ಹೊಸದಾಗಿ ಹೇಳೋದೇನೂ ಇಲ್ಲ, ಊರಿಗೇ ಗೊತ್ತು. ಅವ್ರ ಕೋರ್ಟಲ್ಲಿ ಬಡವರು ಕಾಯ್ಬೇಕಾಗಿಲ್ಲ. ಬಸ್ಸಿಳಿದು ಒಳಗೆ ಹೋದೋರು ಅದೇ ಬಸ್ಸಿಗೆ ವಾಪಸ್ ಬರಬಹುದು. ಅವ್ರು ಮುಖ ನೋಡೋರಲ್ಲ. ಮುದುಕ್ರು ಬರಲಿ, ಕೂಸು ಎತ್ಕೊಂಡು ತಾಯಿ ಬರಲಿ, ತಲೆ ಎತ್ತಿ ನೋಡಿದ್ದು ನಾನಂತೂ ಕೇಳಿಲ್ಲ. ಇಂಥೋರು ನಮ್ಮಂಥ ಸಣ್ಣೂರಿನ ಸಣ್ಣ ಕೋರ್ಟಲ್ಲಿರೋದು ನಮ್ಗೆ ತಡ್ಕೊಳ್ಳೋಕೇ ಆಗ್ತಿಲ್ಲ. ಅವ್ರು ಮೇಲೆ ಹೋಗ್ಬೇಕು. ನಮ್ಗೆ ದೂರ ಆಗ್ತಾರೆ, ಆಗ್ಲಿ, ನಾವು ಹೆಂಗೋ ಸಹಿಸ್ಕೋತೀವಿ."

ಹಾಲ್‌ಗೆ ಹಾಲೇ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ನಕ್ಕಿತು. ಗಸ್ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಕೈಗಳು ಮೇಲೆದ್ದವು. ಗೆದ್ದ ಖುಷಿಯಲ್ಲಿ ವಾಂಡಾ ತಿರುಗಿ ನೋಡಿದಾಗ, ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಹಾಲೊರನ್ ಅಳುತ್ತಿದ್ದ. ಉದ್ದನೆಯ ಒಣ ಮನುಷ್ಯ, ಕನ್ನಡಕ ತೆಗೆದು ಟೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಇಡೀ ಹಾಲ್‌ನಲ್ಲಿ ಆ ಮಾತನ್ನು ಅಕ್ಷರಶಃ ನಂಬಿದವನು ಅವನೊಬ್ಬನೇ. ವಾಂಡಾಳಿಗೆ ಅಯ್ಯೋ ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ಮರುವಾರ ಇಬ್ಬರು ಗೆಳತಿಯರೂ ವಾಂಡಾಳ ಜಗಲಿಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದಾಗ ಬಾಗಿಲ ಮುಂದೆ ಕಾರು ನಿಂತಿತು. ಹಾಲೊರನ್ ಇಳಿದ. ಕೈಯಲ್ಲಿ ಚಾಕೊಲೇಟ್ ಮಿಠಾಯಿಯ ಪೆಟ್ಟಿಗೆ, ಮೇಲೆ ರಿಬ್ಬನ್ನು. ಡಾಟಿಗೆ ನಮಸ್ಕಾರ ಅಂದ, ಗುರುತು ಹಿಡಿಯಲಿಲ್ಲ. ಅವನ ಮುಂದೆ ಎರಡು ಸಲ ನಿಂತು ಬಂದವಳು ಅವಳು.

"ಮಿಸೆಸ್ ಗ್ಯಾವ್ರಾನ್," ಅಂದ, "ನನ್ನ ಬಗ್ಗೆ ಅಂಥ ಮಾತು ಯಾರೂ ಆಡಿರ್ಲಿಲ್ಲ. ನಮ್ಮಪ್ಪ ಕೂಡ."

"ಅಯ್ಯೋ, ಇದ್ದದ್ದು ಹೇಳ್ದೆ ಸಾಹೇಬ್ರೇ."

"ಅದೇ. ಅದಕ್ಕೇ ನಂಗೆ ನಾಚಿಕೆ ಆಯ್ತು. ನನ್ನ ಕೋರ್ಟಲ್ಲಿ ಬಡವರು ಕಾಯೋದಿಲ್ಲ ಅಂದ್ರಿ. ಮನೆಗೆ ಹೋಗಿ ನೋಡ್ತೀನಿ, ಜನವರಿ ಫೆಬ್ರವರಿಗೆ ವಾಯಿದೆ ಹಾಕಿರೋ ಕೇಸುಗಳು ರಾಶಿ ಬಿದ್ದಿವೆ. ಪಾಪ, ಆ ಜನ ಅಷ್ಟು ದಿನ ಯಾಕೆ ಕಾಯ್ಬೇಕು? ಗುಮಾಸ್ತರಿಗೆ ಹೇಳಿಬಿಟ್ಟಿದೀನಿ, ಎಲ್ಲಾನೂ ಅಕ್ಟೋಬರ್‌ಗೆ ತನ್ನಿ ಅಂತ. ಒಂದೇ ಒಂದು ಕೇಸೂ ಉಳಿಸದೆ ಮೇಜು ಸ್ವಚ್ಛ ಮಾಡಿ ಹೋಗ್ತೀನಿ. ನಿಮ್ಮ ಮಾತು ಉಳಿಸ್ಬೇಕಲ್ಲ."

ಡಾಟಿಯ ಕೈಯಲ್ಲಿದ್ದ ಬೀನ್ಸ್ ಮುರಿಯಿತು.

"ಯಾಕೆ ಸಾಹೇಬ್ರೇ ಅಷ್ಟೊಂದು ಅವಸರ," ಅಂದಳು ವಾಂಡಾ. "ಚುನಾವಣೆ ಹತ್ರ ಬಂತು. ಸ್ವಲ್ಪ ವಿಶ್ರಾಂತಿ ತಗೊಳ್ಳಿ. ಎಲ್ಲಾದ್ರೂ ಸಮುದ್ರದ ಕಡೆ ಹೋಗ್ಬನ್ನಿ."

"ಇಲ್ಲ ಇಲ್ಲ. ನೀವು ನಾಳೆ ಇನ್ನೊಬ್ರ ಮುಂದೆ ತಲೆ ತಗ್ಗಿಸೋ ಹಾಗಾಗ್ಬಾರ್ದು."

ಕೇಸಿನ ವಿಷಯ ಜಡ್ಜ್ ಹತ್ತಿರ ಮನೆ ಜಗಲಿಯಲ್ಲಿ ಮಾತಾಡುವ ಹಾಗಿಲ್ಲ, ಮಾತಾಡಿದರೆ ಇದ್ದದ್ದೂ ಕೆಡುತ್ತದೆ. ಅಷ್ಟು ಇಬ್ಬರಿಗೂ ಗೊತ್ತಿತ್ತು. ಅವನು ಎರಡು ಲೋಟ ತಣ್ಣನೆ ಚಹಾ ಕುಡಿದು, ಹೋಗುವಾಗ ವಾಂಡಾಳ ಕೈ ಹಿಡಿದು ಕುಲುಕಿ, ಮೆಟ್ಟಿಲಿಳಿದು ಹೋದ. ಡಾಟಿ ಮಿಠಾಯಿಯ ಪೆಟ್ಟಿಗೆ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಳು.

"ಮುಂದಿನ್ ಸಲ," ಅಂದಳು ಅಗಿಯುತ್ತಾ, "ನನ್ನ ಉದ್ಧಾರ ಮಾಡ್ಬೇಕು ಅನ್ಸಿದ್ರೆ ದಯವಿಟ್ಟು ಸುಮ್ನೆ ಮನೇಲಿರು."

ವಾಂಡಾ ಅತ್ತಳು. ಡಾಟಿ ಅವಳ ತೊಡೆಗೂ ಒಂದು ಮಿಠಾಯಿ ಎಸೆದಳು.

ಅಕ್ಟೋಬರಿನಲ್ಲಿ ಕೇಸು ಬಂತು. ಮಾಲೀಕನ ವಕೀಲ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಹಾಜರಾದ. ಚಿಕ್ಕ ವಕೀಲೆ ನೋಟಿಸಿನ ವಿಷಯ ಎತ್ತಿದಳು, ಕಾಗದ ಮುಂದೆ ಹಿಡಿದಳು, ದಯವಿಟ್ಟು ಒಮ್ಮೆ ಓದಿ ಅಂದಳು. ಹಾಲೊರನ್ ಓದಲಿಲ್ಲ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು ಅಂದ, ಮುಗಿಯಿತು. ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ವಾಂಡಾ ಕಣ್ಣಿಗೆ ಬಿದ್ದಳು. ಹಾಲೊರನ್ ಮುಖದಲ್ಲಿ ನಗು ಹರಡಿತು. ನೋಡಿದಿರಾ, ಎಷ್ಟು ಬೇಗ ಅನ್ನುವ ಹಾಗೆ, ಅಂಕಪಟ್ಟಿ ತೋರಿಸುವ ಮಗುವಿನ ಹಾಗೆ ನಕ್ಕ. ಬೈಯಬೇಕೆಂದು ಎದ್ದ ವಾಂಡಾ ಆ ನಗುವಿಗೆ ತಲೆಯಾಡಿಸಿ, ಡಾಟಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹೋದ ಬಸ್ಸೇ ವಾಪಸ್ ಸಿಕ್ಕಿತ್ತು.

ಡಾಟಿ ವಾಂಡಾಳ ಮುಂದಿನ ಕೋಣೆಗೆ ಬಂದಳು. ಟೆಡ್‌ನ ಮೀನು ಹಿಡಿಯುವ ಸಾಮಾನೆಲ್ಲ ನೆಲಮಾಳಿಗೆ ಸೇರಿತು. ಮಹಡಿಯಿಂದ ಡಾಟಿಯ ಸಾಮಾನು ಇಳಿಸಲು ಕೈಜೋಡಿಸಿದವಳು ಪಕ್ಕದ ಮನೆಯ ಕೆಳಗಿನ ಪಾಲಿನಲ್ಲಿದ್ದ ಮಾರಿಸೋಲ್. ಸೊಂಟದ ಮೇಲೊಂದು ಕೂಸು, ಕಾಲಿಗೆ ತೊಡರುವ ಇನ್ನೊಂದು. ಮೊನ್ನೆಯಷ್ಟೆ ಅವಳಿಗೂ ಮಾಲೀಕನ ನೋಟಿಸು ಬಂದಿತ್ತು, ಜನವರಿಗೆ ಕೋರ್ಟು. "ನಿಮ್ದು ಹೆಂಗಾಯ್ತು ಆಂಟಿ?" ಅಂತ ಅವಳು ಕೇಳಿದ್ದಕ್ಕೆ ಡಾಟಿ ಕೂಸಿನ ಮೂಗು ಒರೆಸಿ ಕೆಳಗಿಳಿದಳು. ಆಮೇಲೆ ಗೆಳತಿಯರು ಕೋಣೆ ಬಿಸಿ ಎಷ್ಟಿರಬೇಕು ಅನ್ನುವುದಕ್ಕೆ ಜಗಳವಾಡಿದರು, ರೊಟ್ಟಿ ಹೇಗೆ ಕತ್ತರಿಸಬೇಕು ಅನ್ನುವುದಕ್ಕೆ ಜಗಳವಾಡಿದರು. ಹಾಲೊರನ್ ಹೆಸರು ಮಾತ್ರ ಯಾರೂ ಎತ್ತಲಿಲ್ಲ. ಡಾಟಿ ಕೆಲವು ಸಲ ಕಿಟಕಿಯಲ್ಲಿ ನಿಂತು ಪಕ್ಕದ ಮಹಡಿ ನೋಡುತ್ತಿದ್ದಳು. ಆಗ ವಾಂಡಾ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಚುನಾವಣೆ ಬಂತು. ಅಗ್ನಿಶಾಮಕ ಠಾಣೆಯಲ್ಲಿ ಮತಗಟ್ಟೆ. ದೊಡ್ಡ ಕೋರ್ಟಿಗೆ ಎರಡು ಸ್ಥಾನ, ಎರಡು ಹೆಸರು, ಒಂದು ಹಾಲೊರನ್‌ದು. ವಾಂಡಾ ತೀರ್ಮಾನ ಮಾಡಿಕೊಂಡೇ ಬಂದಿದ್ದಳು: ಮತಪತ್ರದಲ್ಲಿ ತಾನೇ ಬೇಡಿ ತಂದ ಹೆಸರಿನ ಮುಂದೆ, ಮತ ಹಾಕಲು ಪೆನ್ನಿನಲ್ಲಿ ತುಂಬಬೇಕಾದ ಸೊನ್ನೆಯನ್ನು ಖಾಲಿ ಬಿಡುವುದು. ಅಷ್ಟಾದರೂ ಮಾಡದೆ ಡಾಟಿಯ ಮುಖ ನೋಡುವುದು ಹೇಗೆ? ಉಳಿದದ್ದನ್ನೆಲ್ಲ ತುಂಬಿ ಪೆನ್ನು ಕೆಳಗಿಡುವಾಗ ಪಕ್ಕದ ಮರೆಯ ಆಚೆಯಿಂದ ಡಾಟಿಯ ಪಿಸುಮಾತು ಬಂತು.

"ಲೇ, ನಿನ್ನ ಒಣಮೀನು ಯಾವ ಸಾಲಲ್ಲಿದಾನೆ?"

"ಬೇಡ ಬಿಡೇ. ಖಾಲಿ ಬಿಡು. ನಾನೂ ಬಿಟ್ಟಿದೀನಿ."

"ಯಾಕೆ ಬಿಟ್ಟೆ?"

"ಯಾಕೆ ಅಂತ ಕೇಳ್ತೀಯಲ್ಲೇ. ನಿನ್ನ ಮನೆ ಕಳೆದೋನು."

"ನನ್ನ ಮನೆ ಹೋಯ್ತು. ಇವ್ನು ಸೋತು ಇಲ್ಲೇ ಉಳ್ಕೊಂಡ್ರೆ ಜನವರೀಲಿ ಮಾರಿಸೋಲ್ ಯಾರ ಮುಂದೆ ನಿಲ್ತಾಳೆ?"

"ಸೋಲಲ್ಲ ಕಣೇ, ಇರೋದೇ ಎರಡು ಹೆಸರು."

"ನೀನು ಹಾಕಿದ್ ಲೆಕ್ಕ ಯಾವತ್ತು ಸರಿಹೋಗಿದೆ? ಸಾಲು ಹೇಳು."

ವಾಂಡಾ ಹೇಳಿದಳು. ಮತಗಟ್ಟೆಯ ಹುಡುಗಿ ಬಂದು ಅಜ್ಜಿಯರಿಬ್ಬರೂ ಮಾತಾಡಬಾರದು ಅಂತ ಗದರಿದಳು. ವಾಂಡಾ ಮರೆಯ ಪಕ್ಕದಿಂದ ಕತ್ತು ಚಾಚಿ ನೋಡಿದಳು. ಡಾಟಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕಾಗದಕ್ಕೆ ಮುಖ ತಾಗುವಷ್ಟು ಬಗ್ಗಿ, ಹಾಲೊರನ್ ಹೆಸರಿನ ಮುಂದಿನ ಸೊನ್ನೆಯನ್ನು ಒಂದಿಷ್ಟೂ ಬಿಳಿ ಉಳಿಯದ ಹಾಗೆ ನಿಧಾನವಾಗಿ ತುಂಬುತ್ತಿದ್ದಳು.